ಅಣಕು ಬೆಂಕಿಗೆ ನಿಜವಾದ ನೀರು ಸುರಿದ ಬಗ್ಗೆ

ಇಲಾಖೆಯ ಕಛೇರಿ, ಚಳ್ಳಕೆರೆ
(ಇಲಾಖೆಯ ಹೆಸರಿನ ಫಲಕವು ಬಣ್ಣ ಬಳಿಸಲು ಹೋಗಿದ್ದು, ವಾಪಸು ಬಂದ ನಂತರ ಹೆಸರನ್ನು ತಿಳಿಸಲಾಗುವುದು)

ಸಂಖ್ಯೆ: ವಿ.ಸ./ಮನೆ/ಗಂಟು/೧೭/೨೦೦೧–೦೨
ದಿನಾಂಕ: ೨೩–೦೪–೨೦೦೧

ಸುತ್ತೋಲೆ

ವಿಷಯ: ಪ್ರತಿಯೊಂದು ಮನೆಯನ್ನೂ ವಿಪತ್ತಿಗೆ ಸನ್ನದ್ಧಗೊಳಿಸುವ ಕುರಿತು ಪರಿಷ್ಕೃತ ಸೂಚನೆಗಳು.

ಉಲ್ಲೇಖ:
೧) ಇದೇ ಕಛೇರಿಯ ‘ತುರ್ತು ಗಂಟು’ ಸುತ್ತೋಲೆ, ದಿನಾಂಕ ೧೨–೦೩–೨೦೦೧.
೨) ಕರಾವಳಿಯ ಕಡೆಯಿಂದ ತರಿಸಿಕೊಂಡ ವಿಪತ್ತು ಕೈಪಿಡಿ (ಮೊದಲ ಹನ್ನೊಂದು ಪುಟಗಳಿಲ್ಲ).
೩) ದೊಡ್ಡಉಳ್ಳಾರ್ತಿ ಕಾವಲಿನ (ಹುಲ್ಲುಗಾವಲಿನ) ಅಂಚಿನ ಕುರಿಗಾಹಿಗಳ ಹಟ್ಟಿಯ ಶ್ರೀಮತಿ ಕೆಂಚಕ್ಕ ಇವರು ಈ ಕಛೇರಿಯ ಬಾಗಿಲಲ್ಲಿ ನಿಂತು ಬಾಯಿಮಾತಿನಲ್ಲಿ ಸಲ್ಲಿಸಿದ ಮನವಿ.
೪) ಮೇಲಧಿಕಾರಿಗಳ ಮೌಖಿಕ ಆದೇಶ, ಊಟಕ್ಕೆ ಹೊರಡುವಾಗ ನೀಡಿದ್ದು.

ಪ್ರಸ್ತಾವನೆ:

ಕಳೆದ ಜನವರಿಯಲ್ಲಿ ದೇಶದ ಇನ್ನೊಂದು ಮೂಲೆಯಲ್ಲಿ ಭೂಮಿ ನಡುಗಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಮೇಲೆ, ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಯಾವೊಂದು ವಿಪತ್ತಿಗೂ ಯಾವೊಂದು ಮನೆಯೂ ಲಿಖಿತವಾಗಿ ಸಿದ್ಧವಿಲ್ಲದಿರುವುದು ಈ ಕಛೇರಿಯ ಗಮನಕ್ಕೆ ಬಂದಿತು. ಆದ್ದರಿಂದ ಪ್ರತಿ ಮನೆಯವರೂ ಒಂದು ತುರ್ತು ಗಂಟು ಇಟ್ಟುಕೊಳ್ಳಬೇಕೆಂದೂ, ತಪಾಸಣೆಯಲ್ಲಿ ಪಾಸಾದ ಮನೆಗೆ ‘ಸನ್ನದ್ಧ ಕುಟುಂಬ’ ಎಂಬ ಪ್ರಮಾಣಪತ್ರ ನೀಡಬೇಕೆಂದೂ, ಪ್ರಮಾಣಪತ್ರವಿದ್ದವರ ಹೆಸರು ಮಾತ್ರ, ಗುಡಿಸಲಿನವರಿಗೆ ಸರ್ಕಾರ ಕಟ್ಟಿಸಿಕೊಡುವ ಹೆಂಚಿನ ಮನೆಯ ಪಟ್ಟಿಯಲ್ಲಿ ಉಳಿಯಬೇಕೆಂದೂ ತೀರ್ಮಾನಿಸಲಾಯಿತು. ಸದರಿ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ಕೆಂಚಕ್ಕನದು. ಆಕೆ ಆರು ವರ್ಷದಿಂದ ಕಾದಿದ್ದಾಳೆ. ಇದೇ ತಿಂಗಳ ಹತ್ತನೇ ತಾರೀಕು ಆಕೆಯ ಗುಡಿಸಲು ಸುಟ್ಟುಹೋಗಿದೆ. ಈಗ ಆ ಹೆಸರು ಪಟ್ಟಿಯಲ್ಲಿ ಉಳಿಯಬೇಕೋ ಬೇಡವೋ ಎಂಬುದೊಂದೇ ಈ ಸುತ್ತೋಲೆಯ ಮುಂದಿರುವ ಪ್ರಶ್ನೆ; ಉಳಿದದ್ದೆಲ್ಲ ಹಾಳೆ ತುಂಬಿಸಲು ಬರೆದದ್ದೆಂದು ತಿಳಿಯತಕ್ಕದ್ದು.

ಉಳಿಯಬಾರದೆಂದು ಉಲ್ಲೇಖ (೪)ರಲ್ಲಿ ಆದೇಶವಾಗಿದೆ. “ಏನ್ರೀ ಜಂಪಣ್ಣ, ಆಯಮ್ಮನ ಒಲೆಯಿಂದ್ಲೇ ಬೆಂಕಿ ಬಿತ್ತು ಅಂತ ಬರೀರಿ. ನೀರಿನ ಕ್ಯಾನಿನ ಸೀಲು ಬೇರೆ ಒಡೆದವಳೆ. ಪಟ್ಟಿಯಿಂದ ಹೆಸರು ತೆಗೀರಿ. ಸಂಜೆ ಒಳಗೆ ಸಹಿಗೆ ಇಡ್ರಿ” ಎಂದು ಮೇಲಧಿಕಾರಿಗಳು ಚಪ್ಪಲಿ ಮೆಟ್ಟುತ್ತಾ ಅಪ್ಪಣೆ ಕೊಡಿಸಿದರು. ಸದರಿ ಜಂಪಣ್ಣ ಈ ಕಛೇರಿಯ ದ್ವಿತೀಯ ದರ್ಜೆ ಸಹಾಯಕ; ಮೊಳಕಾಲ್ಮುರಿನವನು. ಹತ್ತೊಂಬತ್ತು ವರ್ಷದ ಸೇವೆಯಲ್ಲಿ, ಬರೆಯೆಂದದ್ದನ್ನು ಬರೆಯದೆ ಬಿಟ್ಟ ಪ್ರಸಂಗ ಒಂದೂ ಇಲ್ಲ. ಅದರಂತೆ ಆತ ಕರಡು ಬರೆಯಲು ಕುಳಿತಿದ್ದಾನೆ. ಈ ಮೂಲಕ ಸಂಬಂಧಪಟ್ಟವರೆಲ್ಲರಿಗೂ ತಿಳಿಯಪಡಿಸುವುದೇನೆಂದರೆ:

೧. ತುರ್ತು ಗಂಟಿನಲ್ಲಿ ಹಗ್ಗ ಹತ್ತು ಮಾರು, ಸೀಟಿ ಒಂದು, ಅವಲಕ್ಕಿ ಒಂದು ಸೇರು, ರೇಷನ್ ಕಾರ್ಡಿನ ಜೆರಾಕ್ಸ್ ಮೂರು ಪ್ರತಿ ಹಾಗೂ ಬ್ಯಾಟರಿ ಒಂದು ಇರತಕ್ಕದ್ದು. ಬ್ಯಾಟರಿಯ ಶೆಲ್ಲುಗಳು ಕಳುವಾಗುವ ಸಂಭವವಿರುವುದರಿಂದ ಅವುಗಳನ್ನು ಕಛೇರಿಯ ಬೀರುವಿನಲ್ಲಿಡಲಾಗಿದೆ. ಕತ್ತಲಾದ ಕೂಡಲೇ ಅರ್ಜಿ ಸಲ್ಲಿಸಿ ಪಡೆದುಕೊಳ್ಳಬಹುದು. ಕಛೇರಿ ಐದೂವರೆಗೆ ಮುಚ್ಚುತ್ತದೆ. ಇದಲ್ಲದೆ ಇಪ್ಪತ್ತು ಲೀಟರ್ ನೀರಿನ ಕ್ಯಾನೊಂದನ್ನು ನೀಡಿ ಅದರ ಬಾಯಿಗೆ ಅರಗಿನ ಸೀಲು ಹಾಕಲಾಗಿದೆ. ವಿಪತ್ತು ಸಂಭವಿಸಿದೆಯೆಂದು ಈ ಕಛೇರಿ ಲಿಖಿತವಾಗಿ ಘೋಷಿಸುವವರೆಗೆ ಸೀಲು ಒಡೆಯುವಂತಿಲ್ಲ.

ಸದರಿ ಹಟ್ಟಿಯವರು ವರ್ಷದಲ್ಲಿ ನಾಲ್ಕೈದು ತಿಂಗಳು ಕುರಿ ಹೊಡೆದುಕೊಂಡು ಊರೂರು ತಿರುಗುವ ಜನ. ಕಂಬಳಿ, ಗಡಿಗೆ, ಹಗ್ಗ, ಕುಡುಗೋಲು, ಉಪ್ಪಿನ ಬುಡ್ಡಿ, ಎದ್ದು ಹೊರಡಲು ಬೇಕಾದ್ದೆಲ್ಲ ಅವರ ಮನೆಯ ಗೂಟಗಳಲ್ಲಿ ಸದಾ ತೂಗುತ್ತಿರುತ್ತದೆ. ತುರ್ತು ಗಂಟು ಎಲ್ಲಿ ಎಂದು ತಪಾಸಣೆಯಲ್ಲಿ ಕೇಳಿದ್ದಕ್ಕೆ ಕೆಂಚಕ್ಕ, “ಗಂಟು ಅಲ್ದೇ ಇರಾದು ಯಾವ್ದೈತೆ ನಮ್ಮನ್ಯಾಗೆ, ನೀನೇ ತೋರ್ಸಪ್ಪ. ನಾವು ಕೂತಿದ್ದಕ್ಕಿಂತ ಎದ್ದು ಹೊಂಟಿದ್ದೇ ಜಾಸ್ತಿ” ಎಂದಳು. ಇದನ್ನು ‘ಗಂಟು ಇಲ್ಲ’ ಎಂದು ದಾಖಲಿಸಿ ಇಲಾಖೆಯ ಗಂಟೊಂದನ್ನು ಆಕೆಗೆ ವಹಿಸಿಕೊಡಲಾಯಿತು.

೨. ಉಲ್ಲೇಖ (೨)ರ ಕೈಪಿಡಿಯು ಸಮುದ್ರದ ಊರುಗಳಿಗಾಗಿ ಬರೆದದ್ದಾದ್ದರಿಂದ, ಸಮುದ್ರ ಎಂದಿರುವಲ್ಲೆಲ್ಲ ಕಾವಲು ಎಂದೂ, ದೋಣಿ ಎಂದಿರುವಲ್ಲೆಲ್ಲ ಎತ್ತಿನ ಗಾಡಿ ಎಂದೂ, ಮೀನು ಎಂದಿರುವಲ್ಲೆಲ್ಲ ಕುರಿ ಎಂದೂ ತಿದ್ದಿಕೊಂಡು ಓದತಕ್ಕದ್ದು. ಅದರಂತೆ:
(ಅ) ಕಾವಲು ಉಕ್ಕಿಬರುವ ಸೂಚನೆ ಕಂಡಲ್ಲಿ ಗಾಡಿಗಳನ್ನು ದಡಕ್ಕೆ ಎಳೆದು ಕಟ್ಟತಕ್ಕದ್ದು.
(ಆ) ಗಾಡಿ ಮುಳುಗುತ್ತಿರುವಾಗ ಎತ್ತುಗಳು ಗಾಬರಿಯಾಗದಂತೆ ನೋಡಿಕೊಳ್ಳತಕ್ಕದ್ದು.
(ಇ) ಬಲೆಗೆ ಬಿದ್ದ ಕುರಿಗಳಿಗೆ ಉಪ್ಪು ಹಚ್ಚಿ ಮರಳಿನ ಮೇಲೆ ಹರಡಿ ಒಣಗಿಸಿಟ್ಟುಕೊಂಡಲ್ಲಿ ಆರು ತಿಂಗಳವರೆಗೆ ಬರುತ್ತವೆ.

ಇದನ್ನು ಹಟ್ಟಿಯ ಕಟ್ಟೆಯ ಮುಂದೆ ಗಟ್ಟಿಯಾಗಿ ಓದಿ ಹೇಳಲಾಯಿತು. ಹಟ್ಟಿಯ ಹಿರಿಯ ಚಿಕ್ಕೀರಪ್ಪ, “ಒಣಗ್ಸಾದು ಯಾರ್ನ ಸಾಹೇಬ್ರೇ, ಕುರೀನೋ ನಮ್ಮನ್ನೋ?” ಎಂದು ಕೇಳಿದ್ದು, ಈ ಬಗ್ಗೆ ಸ್ಪಷ್ಟೀಕರಣ ಕೋರಿ ಮೇಲಿನ ಕಛೇರಿಗೆ ಬರೆಯಲಾಗಿದೆ.

೩. ಸನ್ನದ್ಧತೆಯನ್ನು ಪರೀಕ್ಷಿಸಲು ಹಟ್ಟಿಯಲ್ಲಿ ಬೆಂಕಿ ಅನಾಹುತದ ಅಣಕು ಪ್ರದರ್ಶನವೊಂದನ್ನು ದಿನಾಂಕ ೧೦–೦೪–೨೦೦೧ರ ಮಂಗಳವಾರ ಏರ್ಪಡಿಸಲಾಯಿತು. ಅನಾಹುತವು ಬೆಳಿಗ್ಗೆ ಹನ್ನೊಂದಕ್ಕೆ ಆರಂಭವಾಗಿ ಮಧ್ಯಾಹ್ನ ಒಂದಕ್ಕೆ ಮುಗಿಯತಕ್ಕದ್ದೆಂದು ಕಾರ್ಯಕ್ರಮ ಪಟ್ಟಿಯಲ್ಲಿ ನಮೂದಿಸಲಾಗಿತ್ತು. ಬೇರೆ ಬೆಂಕಿಗಳೊಂದಿಗೆ ಗೊಂದಲವಾಗದಿರಲೆಂದು ಅಂದು ಮುಂಜಾನೆಯಿಂದ ಯಾರೂ ಒಲೆ ಹಚ್ಚಕೂಡದೆಂದು ಸೂಚಿಸಲಾಗಿತ್ತು. ಮಕ್ಕಳು ಹಿಂದಿನ ದಿನದ ತಂಗಳು ಮುದ್ದೆಯನ್ನೇ ತಿಂದವು. ಹದಿನೇಳು ಮನೆಯ ಹದಿನೇಳು ಒಲೆಗಳಿಗೂ ಜಂಪಣ್ಣನೇ ಹೋಗಿ, ಬೂದಿಯಲ್ಲಿ ಕೈಯಿಟ್ಟು ನೋಡಿ, ತಣ್ಣಗಿದೆ ಎಂದು ಪಟ್ಟಿಯಲ್ಲಿ ಟಿಕ್ಕು ಹಾಕಿದ್ದಾನೆ. ಕೆಂಚಕ್ಕನ ಒಲೆಗೂ ಟಿಕ್ಕು ಇದೆ. ಸದರಿ ಹಾಳೆ ಕಡತದ ೨೩ನೇ ಪುಟದಲ್ಲಿದೆ. ಬೇಕಾದವರು ನೋಡಬಹುದು, ಈವರೆಗೆ ಯಾರಿಗೂ ಬೇಕಾಗಿಲ್ಲ.

೪. ಅಣಕು ಬೆಂಕಿಯನ್ನು ಅಣಕು ನೀರಿನಿಂದ ಮಾತ್ರ ಆರಿಸತಕ್ಕದ್ದು. ಹೆಂಗಸರು ಬರಿಗೊಡಗಳನ್ನು ಹಿಡಿದು ಸಾಲಾಗಿ ನಿಂತು, ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ, ಬೆಂಕಿಯ ಮೇಲೆ ಸುರಿದಂತೆ ಮಾಡತಕ್ಕದ್ದು. ಸುರಿದಂತೆ ಮಾಡಿದ ನೀರು ಯಾರದಾದರೂ ಬಟ್ಟೆಗೆ ಸಿಡಿದಲ್ಲಿ ಇಲಾಖೆ ಹೊಣೆಯಲ್ಲ.

೫. ಗಾಳಿಯ ಬಗ್ಗೆ: ಒಣಗಿದ ಶೇಂಗಾ ಬಳ್ಳಿಯ ಹೊರೆಯನ್ನು ಹಟ್ಟಿಯ ನಡುವೆ ತಂದಿಟ್ಟಾಗ ಕೆಂಚಕ್ಕ ಸಾಲು ಬಿಟ್ಟು ಮುಂದೆ ಬಂದು, “ಸಾಹೇಬ್ರೇ, ನಿಮ್ಮ್ ಕಾಲಿಗೆ ಬೀಳ್ತೀನಿ, ಇಲ್ಲಿ ಹಚ್ಬ್ಯಾಡ್ರಿ. ಬಿಸ್ಲು ಏರ್ದಂಗೆ ಸುಳಿಗಾಳಿ ಏಳ್ತೈತೆ. ಹಚ್ಚಾದಿದ್ರೆ ಆಚೆ ಕಾವಲಾಗೆ ಹಚ್ಕಳ್ರಿ” ಎಂದಳು. ಗಾಳಿಯ ವಿಷಯ ಬೇರೆ ಇಲಾಖೆಗೆ ಸೇರಿದ್ದೆಂದು ಆಕೆಗೆ ತಿಳುವಳಿಕೆ ನೀಡಿ ಸಾಲಿನಲ್ಲಿ ನಿಲ್ಲಿಸಲಾಯಿತು.

೬. ಅಣಕು ಗಾಯಾಳುವಿನ ಬಗ್ಗೆ: ಕೈಪಿಡಿಯ ಪ್ರಕಾರ ಗಾಯಾಳು ಒಬ್ಬರು ಬೇಕು. ಕೆಂಚಕ್ಕನ ಸೊಸೆ ಮಾಲತಿ, ಎಸ್ಸೆಸ್ಸೆಲ್ಸಿ ತನಕ ಓದಿದ ಹುಡುಗಿ, ನಗುತ್ತಾ ಒಪ್ಪಿಕೊಂಡಳು. ಆಕೆಯನ್ನು ಕೆಂಚಕ್ಕನ ಗುಡಿಸಲಿನೊಳಗೆ ಹಗ್ಗದ ಹೊರಸಿನ ಮೇಲೆ ಮಲಗಿಸಿ, ಕೈಕಾಲು ಅಲುಗದಂತೆ ನಾಲ್ಕು ಕಡೆ ಕಟ್ಟಲಾಯಿತು. “ಅಣ್ಣಾ, ವಸಿ ಸಡ್ಲ ಬುಡ್ರಿ, ನಾನೇನು ಎದ್ದು ಓಡ್ತೀನಾ?” ಎಂದು ಆಕೆ ಕೇಳಿದಳು. “ಮೂರು ಗಂಟು ಅಂತ ಪುಸ್ತಕದಾಗೆ ಐತಮ್ಮಾ, ಒಂದು ಗಂಟೆಗೆ ಬಂದು ಬಿಚ್ತೀವಿ” ಎಂದು ಉತ್ತರ ನೀಡಲಾಯಿತು. ಕಟ್ಟಿದ್ದು ‘ಸಿಬ್ಬಂದಿ’ ಎಂದು ವರದಿಯಲ್ಲಿ ಬರೆಯಲಾಗಿದೆ. ಸಿಬ್ಬಂದಿ ಅಂದರೆ ಯಾರು? ಅಂದು ಹಟ್ಟಿಗೆ ಹೋಗಿದ್ದವರು ಮೂವರು. ಮೇಲಧಿಕಾರಿಗಳು ಹೊರಗೆ ಎಳನೀರು ಕುಡಿಯುತ್ತಿದ್ದರು. ಚಾಲಕ ಬಾಲರಾಜ್ ಜೀಪು ಒರೆಸುತ್ತಿದ್ದನು. ಮೂರು ಗಂಟು ಎಣಿಸಿ ಎಣಿಸಿ ಬಿಗಿದವನು ಜಂಪಣ್ಣ.

೭. ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಮೇಲಧಿಕಾರಿಗಳು ತಮ್ಮ ಅಮೃತಹಸ್ತದಿಂದ ಅಣಕು ಬೆಂಕಿಯನ್ನು ಉದ್ಘಾಟಿಸಿದರು. ಚಪ್ಪಾಳೆ ತಟ್ಟಲಾಯಿತು. ಇಪ್ಪತ್ತಮೂರು ನಿಮಿಷಕ್ಕೆ ಸುಳಿಗಾಳಿಯು ಯಾವುದೇ ಪೂರ್ವಾನುಮತಿಯಿಲ್ಲದೆ ಸ್ಥಳಕ್ಕೆ ಬಂದಿತು. ಉರಿಯುತ್ತಿದ್ದ ಬಳ್ಳಿ ಸುತ್ತಿಕೊಂಡು ಮೇಲೆದ್ದು, ಕುರಿ ಕೂಡುವ ರೊಪ್ಪದ ಒಣಮುಳ್ಳಿನ ಬೇಲಿಯ ಮೇಲೆ ಬಿತ್ತು. ಅಯ್ಯೋ, ಬೇಲಿ ಹತ್ತಿಕೊಂಡದ್ದನ್ನು ಹೇಗೆ ಬರೆಯುವುದು! ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಬೇಲಿಯಿಂದ ಒಂದು ಸೂರಿಗೆ, ಆ ಸೂರಿನಿಂದ ಇನ್ನೊಂದಕ್ಕೆ ಹಾರಿತು. ಹೆಂಗಸರು ಬರಿಗೊಡ ಹಿಡಿದು ನಿಂತಿದ್ದರು. ಹಾಗೆಯೇ ನಿಲ್ಲಬೇಕೆಂದು ಅವರಿಗೆ ಅಪ್ಪಣೆಯಾಗಿತ್ತು. ನೀರಿನ ಬೋರು ಅರ್ಧ ಮೈಲಿ ದೂರದಲ್ಲಿತ್ತು. ಮೇಲಧಿಕಾರಿಗಳು ಕೈಪಿಡಿಯಂತೆ ಮೂರು ಸಲ ಸೀಟಿ ಊದಿದರು. ಆಗಲೂ ಬೆಂಕಿ ಆರದಿದ್ದರಿಂದ, ‘ಸಿಬ್ಬಂದಿಯ ರಕ್ಷಣೆಗೆ ಮೊದಲ ಆದ್ಯತೆ’ ಎಂಬ ಹದಿನಾಲ್ಕನೇ ಪುಟದ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿ ಎಲ್ಲರೂ ಜೀಪು ಹತ್ತಿದರು. ಜಂಪಣ್ಣನೂ ಹತ್ತಿದನು, ಕಡತವನ್ನು ಎದೆಗವಚಿಕೊಂಡು.

ಹಟ್ಟಿಯಲ್ಲಿ ಎಂಥ ಅನಾಹುತವಾದರೂ ಮೊದಲು ರೊಪ್ಪದ ಬಾಯಿ ತೆಗೆಯಬೇಕು, ಮನೆಯ ಕಡೆ ಆಮೇಲೆ ತಿರುಗಬೇಕು ಎಂಬುದು ಈ ಜನರ ಹಿಂದಿನಿಂದ ಬಂದ ಕಟ್ಟಳೆ. ಮಾತಾಡುವ ಜೀವ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ, ಕೂಡಿಹಾಕಿದ ಮೂಕಜೀವ ಎಲ್ಲಿಗೆ ಹೋಗಬೇಕು ಎನ್ನುತ್ತಾರೆ. ಅದರಂತೆ ಕೆಂಚಕ್ಕ ಕವೆಗೋಲಿನಿಂದ ಉರಿಯುವ ಮುಳ್ಳನ್ನು ಎಳೆದು ಬಿಸಾಡಿ ರೊಪ್ಪದ ಬಾಯಿ ತೆಗೆದಳು. ಇನ್ನೂರು ಕುರಿ ಒಂದೇ ಉಸಿರಿಗೆ ನುಗ್ಗಿ ಬಂದು ಜೀಪಿನ ಸುತ್ತ ನಿಂತುಬಿಟ್ಟವು. ಬಾಲರಾಜ್ ಎಷ್ಟು ಹಾರನ್ ಹೊಡೆದರೂ ಒಂದೂ ಕದಲಲಿಲ್ಲ. ಕುರಿಗಳಿಲ್ಲದಿದ್ದರೆ ಜೀಪು ಚಳ್ಳಕೆರೆ ರಸ್ತೆ ಹಿಡಿದಿರುತ್ತಿತ್ತು, ಮುಂದಿನದನ್ನು ಜಂಪಣ್ಣನು ನೋಡುತ್ತಲೇ ಇರಲಿಲ್ಲ.

“ಅತ್ತೇ, ಕೈಕಾಲು ಕಟ್ಟವ್ರೆ, ಅತ್ತೇ!” ಎಂಬ ಕೂಗು ಆಗ ಕೇಳಿತು. ಜಂಪಣ್ಣನು ಜೀಪಿನಿಂದ ಇಳಿಯಲಿಲ್ಲ. ಇಳಿಯಬೇಕೆಂದು ಅವನಿಗೆ ಅನ್ನಿಸಿದ್ದು ನಿಜ; ಕಡತವನ್ನು ಇನ್ನೂ ಬಿಗಿಯಾಗಿ ಅವಚಿಕೊಂಡದ್ದೂ ನಿಜ. ಕೆಂಚಕ್ಕ ಸೀಲು ಹಾಕಿದ ಕ್ಯಾನನ್ನು ಕಲ್ಲಿಗೆ ಅಪ್ಪಳಿಸಿ, ಕಂಬಳಿ ನೆನೆಸಿ, ತಲೆಯ ಮೇಲೆ ಹೊದ್ದು, ಕುಡುಗೋಲು ಹಿಡಿದು ಉರಿಯುವ ಸೂರಿನ ಕೆಳಗೆ ನುಗ್ಗಿದಳು. ಹಗ್ಗ ಕೊಯ್ದು ಸೊಸೆಯನ್ನು ಎಳೆದುಕೊಂಡು ಹೊರಗೆ ಬಂದಳು. ಆಮೇಲೆ ಸೂರು ಕುಸಿಯಿತು. ಮೂರು ಗುಡಿಸಲು ಪೂರ್ತಿ ಸುಟ್ಟಿವೆ. ಮಾಲತಿಯ ಎಡಗೈ ಮೊಣಕೈವರೆಗೆ ಬೆಂದಿದೆ. ಇಪ್ಪತ್ತು ಲೀಟರಿನಲ್ಲಿ ಒಂದು ಕಂಬಳಿ ನೆನೆದು ಒಂದು ಜೀವ ಉಳಿದಿದ್ದು, ಉಳಿಕೆ ನೀರು ಶೂನ್ಯವೆಂದು ದಾಸ್ತಾನು ಪುಸ್ತಕದಲ್ಲಿ ತೋರಿಸಲಾಗಿದೆ.

೮. ತದನಂತರ ಕೆಂಚಕ್ಕನಿಗೆ ಕಾರಣ ಕೇಳುವ ನೋಟೀಸು ಜಾರಿ ಮಾಡಲಾಯಿತು:
(ಅ) ಕಛೇರಿಯು ವಿಪತ್ತನ್ನು ಘೋಷಿಸುವ ಮೊದಲೇ ಅದು ವಿಪತ್ತೆಂದು ತಮಗೆ ತಿಳಿದದ್ದು ಹೇಗೆ?
(ಆ) ಗಾಯಾಳುವನ್ನು ಒಂದು ಗಂಟೆಗೆ ರಕ್ಷಿಸಬೇಕೆಂದಿದ್ದರೂ ಹನ್ನೊಂದೂವರೆಗೇ ರಕ್ಷಿಸಲು ಕಾರಣವೇನು?
(ಇ) ಅಣಕು ಗಾಯಾಳು ನಿಜವಾಗಿ ಗಾಯಗೊಂಡದ್ದು ಯಾರ ಅನುಮತಿಯ ಮೇರೆಗೆ?
(ಈ) ಇಲಾಖೆಯ ಹಗ್ಗವನ್ನು ಕತ್ತರಿಸದೆ ಬಿಚ್ಚಲು ಅವಕಾಶವಿರಲಿಲ್ಲವೆ?

೯. ನೋಟೀಸು ಹಿಡಿದುಕೊಂಡು ಕೆಂಚಕ್ಕ ಕಳೆದ ಶುಕ್ರವಾರ ಸೊಸೆಯೊಂದಿಗೆ ಕಛೇರಿಗೆ ಬಂದಳು. ಒಳಗೆ ಬರಲು ಚೀಟಿ ಬೇಕೆಂದದ್ದರಿಂದ ಬಾಗಿಲಲ್ಲೇ ನಿಂತಳು. ಸೊಸೆ ಓದಬಲ್ಲವಳಾದರೂ ನೋಟೀಸನ್ನು ಕಛೇರಿಯವರೇ ಓದಿ ಹೇಳತಕ್ಕದ್ದೆಂಬ ನಿಯಮವಿದ್ದುದರಿಂದ ಜಂಪಣ್ಣನೇ ಓದಿ ಹೇಳಬೇಕಾಯಿತು. ಪೂರ್ತಿ ಕೇಳಿಸಿಕೊಂಡು ಆಕೆ, “ಇದೆಲ್ಲ ಇರ್ಲಿ ಕಣಪ್ಪ. ಆ ಗಂಟು ಹಾಕಿದೋನು ಯಾರು, ಅದನ್ನ ಹೇಳು. ನಾನು ಸಾಲಾಗೆ ನಿಂತಿದ್ದೆ, ನೋಡ್ಲಿಲ್ಲ. ಕುರಿ ಕಟ್ಟಾಕೂ ಹಂಗೆ ಬಿಗಿಯಲ್ಲ ನಾವು. ಅವ್ನಿಗೆ ಮಕ್ಳು ಮರಿ ಅದಾವೋ ಇಲ್ವೋ?” ಎಂದು ಕೇಳಿದಳು.

ಜಂಪಣ್ಣನು ನೋಟೀಸನ್ನು ನಾಲ್ಕಾಗಿ ಮಡಿಚಿದನು. ಮಾಲತಿ ಕೈಗೆ ಬಟ್ಟೆ ಸುತ್ತಿಕೊಂಡು ಪಕ್ಕದಲ್ಲಿದ್ದಳು. ಆಕೆ ಅವನ ಮುಖವನ್ನೊಮ್ಮೆ ನೋಡಿ, “ಗೊತ್ತಿಲ್ಲ ಅತ್ತೆ, ಯಾರೋ ಇಲಾಖೆಯೋರು. ಹೊಗೆಯಾಗೆ ಕಾಣ್ಲಿಲ್ಲ” ಎಂದಳು. ಕಟ್ಟುವ ಹೊತ್ತಿನಲ್ಲಿ ಹೊಗೆ ಇರಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಲಾಗಿದೆ. ಅಂದಿನಿಂದ ಸದರಿ ಜಂಪಣ್ಣನು ರಾತ್ರಿಯೆಲ್ಲ ಹಗ್ಗಕ್ಕೆ ಮೂರು ಗಂಟು ಹಾಕಿ ಬಿಚ್ಚುತ್ತಾ ಕೂರುತ್ತಿದ್ದಾನೆ. ಇದಕ್ಕೆ ರಜೆ ಸಿಗುವುದಿಲ್ಲವೆಂದು ತಿಳಿಸಲಾಗಿದೆ.

೧೦. ಅದೇ ದಿನ ಕೆಂಚಕ್ಕನ ‘ಮನೆಮಟ್ಟದ ವಿಪತ್ತು ಯೋಜನೆ’ ನಮೂನೆಯನ್ನು ಭರ್ತಿ ಮಾಡಿಕೊಳ್ಳಲಾಯಿತು. ‘ನಿಮ್ಮ ಮನೆಗೆ ಒದಗಬಹುದಾದ ವಿಪತ್ತು ಯಾವುದು’ ಎಂಬ ಅಂಕಣಕ್ಕೆ ಆಕೆ, “ನೀವೇ” ಎಂದಳು. ‘ಅದನ್ನು ಎದುರಿಸಲು ಕೈಗೊಂಡ ಸಿದ್ಧತೆ’ ಎಂಬ ಅಂಕಣಕ್ಕೆ, “ಬರೋ ಹಿಂದಿನ ದಿನ ಹೇಳಿ ಕಳಿಸ್ರಿ. ಗಡಿಗೆಲ್ಲ ತುಂಬ್ಸಿ ಇಟ್ಕಂತೀವಿ” ಎಂದಳು. ಎರಡು ತಾಲ್ಲೂಕಿನಲ್ಲಿ ಬಂದಿರುವ ನಮೂನೆಗಳನ್ನು ಪರಿಶೀಲಿಸಲಾಗಿ, ವಿಪತ್ತನ್ನು ಸರಿಯಾಗಿ ಗುರುತಿಸಿ, ಅದಕ್ಕೆ ತಕ್ಕ ಸಿದ್ಧತೆಯನ್ನೂ ಮಾಡಿಕೊಂಡಿರುವ ಮನೆ ಇದೊಂದೇ ಎಂದು ಕಂಡುಬಂದಿದೆ.

೧೧. ಕಛೇರಿಯ ಪದ್ಧತಿಯ ಬಗ್ಗೆ: ಸುತ್ತೋಲೆಯ ವಿಷಯವನ್ನೂ ಕೊನೆಯ ಸಾಲನ್ನೂ ಓದಿ ಸಹಿ ಮಾಡುವುದು ಇಲ್ಲಿ ಬಹುಕಾಲದಿಂದ ನಡೆದುಬಂದಿದ್ದು, ನಡುವಿನ ಕಂಡಿಕೆಗಳನ್ನು ಬರೆದವರ ಮನಸ್ಸಿಗೆ ಬಿಡಲಾಗಿದೆ. ಎರಡು ವರ್ಷದ ಹಿಂದೆ ಕುಡಿಯುವ ನೀರಿನ ಸುತ್ತೋಲೆಯ ನಡುವೆ ಜಂಪಣ್ಣನ ಮಗಳ ಮದುವೆಯ ಅಡುಗೆ ಸಾಮಾನಿನ ಪಟ್ಟಿ ಕೈತಪ್ಪಿ ಸೇರಿಹೋಗಿತ್ತು. ಅದು ಸಹಿಯಾಗಿ ಹೊರಬಿದ್ದದ್ದಲ್ಲದೆ, ಸೂಚನೆಯಂತೆ ಹದಿನೈದು ಕೆ.ಜಿ. ತೊಗರಿಬೇಳೆ ನೆನೆಹಾಕಲಾಗಿದೆ ಎಂದು ಒಂದು ಕಡೆಯಿಂದ ಅನುಪಾಲನಾ ವರದಿಯೂ ಬಂದಿತ್ತು. ಸಹಿಯಾಗಿ ಸಂಖ್ಯೆ ಬಿದ್ದ ಸುತ್ತೋಲೆಯನ್ನು ಹಿಂಪಡೆಯಲು ಅವಕಾಶವಿದೆ. ಆದರೆ ಹಿಂಪಡೆಯಬೇಕಾದರೆ ಅದನ್ನು ಮೊದಲು ಓದಬೇಕಾಗುತ್ತದೆ, ಓದದೆ ಸಹಿ ಮಾಡಿದ್ದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಆದ್ದರಿಂದ ಈವರೆಗೆ ಯಾವುದನ್ನೂ ಹಿಂಪಡೆದಿಲ್ಲ.

೧೨. ಮೇಲಿನ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಗಣಿಸಿ ಈ ಮೂಲಕ ಆದೇಶಿಸಿರುವುದೇನೆಂದರೆ:
(ಅ) ಇಲಾಖೆಯನ್ನು ವಿಪತ್ತುಗಳ ಪಟ್ಟಿಯಲ್ಲಿ ಭೂಕಂಪದ ನಂತರ, ಸಿಡಿಲಿಗಿಂತ ಮೊದಲು ಸೇರಿಸಲಾಗಿದೆ.
(ಆ) ಇಲಾಖೆಯ ಜೀಪು ಯಾವುದೇ ಹಟ್ಟಿಯಿಂದ ಎರಡು ಫರ್ಲಾಂಗು ದೂರದಲ್ಲಿ ನಿಲ್ಲತಕ್ಕದ್ದು. ಜೀಪಿನಲ್ಲಿ ಕಡ್ಡಿಪೆಟ್ಟಿಗೆ ಇಟ್ಟುಕೊಳ್ಳತಕ್ಕದ್ದಲ್ಲ.
(ಇ) ಇನ್ನು ಮುಂದೆ ಅಣಕು ಗಾಯಾಳುಗಳಾಗಿ ಇಲಾಖೆಯ ಸಿಬ್ಬಂದಿಯನ್ನೇ ಬಳಸತಕ್ಕದ್ದು. ಅವರನ್ನು ಹೊರಸಿಗೆ ಕಟ್ಟುವ ಕೆಲಸವನ್ನು ಹಟ್ಟಿಯ ಹೆಂಗಸರಿಗೆ ವಹಿಸತಕ್ಕದ್ದು. ಗಂಟು ಎಷ್ಟಿರಬೇಕು, ಯಾವಾಗ ಬಿಚ್ಚಬೇಕು, ಬಿಚ್ಚಬೇಕೋ ಬೇಡವೋ ಎಂಬುದು ಅವರ ವಿವೇಚನೆಗೆ ಬಿಟ್ಟದ್ದು.
(ಈ) ಬೆಂಕಿ ಬಿದ್ದದ್ದು ಕೆಂಚಕ್ಕನ ಒಲೆಯಿಂದಲ್ಲ. ಆ ಒಲೆ ತಣ್ಣಗಿತ್ತು. ಬೆಂಕಿ ಹಚ್ಚಿದ್ದು ಇಲಾಖೆ.
(ಉ) ಸೀಲು ಒಡೆದದ್ದು ಸರಿಯಾಗಿದೆ.
(ಊ) ಕೆಂಚಕ್ಕನ ಕುಟುಂಬವನ್ನು ‘ಸನ್ನದ್ಧ ಕುಟುಂಬ’ ಎಂದು ಘೋಷಿಸಿ, ಹೆಂಚಿನ ಮನೆಯ ಪಟ್ಟಿಯಲ್ಲಿ ಆಕೆಯ ಹೆಸರನ್ನು ನಾಲ್ಕರಿಂದ ಒಂದಕ್ಕೆ ಏರಿಸಲಾಗಿದೆ. ಅಂದು ಸುಟ್ಟ ಉಳಿದ ಎರಡು ಮನೆಯವರನ್ನು ಎರಡು ಮತ್ತು ಮೂರಕ್ಕೆ ಸೇರಿಸಲಾಗಿದೆ. ಜೂನ್ ಒಂದರೊಳಗೆ, ಮಳೆ ಹಿಡಿಯುವ ಮುನ್ನ, ಮೂರೂ ಮನೆಗೆ ಸೂರು ಏರಿಸಿ ವರದಿ ಮಾಡತಕ್ಕದ್ದು.

ಸದರಿ ಸೂಚನೆಗಳನ್ನು ಯಾವುದೇ ಸಬೂಬು ಹೇಳದೆ ಕಟ್ಟುನಿಟ್ಟಾಗಿ ಜಾರಿಗೊಳಿಸತಕ್ಕದ್ದು, ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.

ಸಹಿ/–
(ಓದಲಾಗುತ್ತಿಲ್ಲ)
ಮೇಲಧಿಕಾರಿ
ಸಂಜೆ ೫.೨೦, ಜೀಪಿನ ಬಾನೆಟ್ಟಿನ ಮೇಲೆ

ಪ್ರತಿಗಳು:
೧) ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳ ಎಲ್ಲ ಅಧೀನ ಕಛೇರಿಗಳಿಗೆ, ಸೂಕ್ತ ಕ್ರಮಕ್ಕಾಗಿ.
೨) ಹೆಂಚಿನ ಮನೆ ಶಾಖೆಗೆ, ಕಂಡಿಕೆ ೧೨(ಊ)ರಂತೆ ಇಂದೇ ಪಟ್ಟಿ ತಿದ್ದಲು. ತಿದ್ದಿದ್ದನ್ನು ಜಂಪಣ್ಣನು ಎದುರಿಗೆ ನಿಂತು ನೋಡಿಕೊಂಡಿದ್ದಾನೆ.
೩) ಚಾಲಕ ಬಾಲರಾಜ್, ಫರ್ಲಾಂಗು ಅಳೆದುಕೊಳ್ಳಲು.
೪) ಕರಾವಳಿಯ ಕಛೇರಿಗೆ, ಕಳೆದುಹೋದ ಹನ್ನೊಂದು ಪುಟಗಳಲ್ಲಿ ಏನಿತ್ತೆಂದು ತಿಳಿಸುವ ಕೋರಿಕೆಯೊಂದಿಗೆ.
೫) ಶ್ರೀಮತಿ ಕೆಂಚಕ್ಕ ಇವರಿಗೆ. ಸದರಿಯವರಿಗೆ ಓದಲು ಬಾರದಿರುವುದರಿಂದ ಜಂಪಣ್ಣನು ತನ್ನ ಸೈಕಲ್ಲಿನಲ್ಲಿ ಹಟ್ಟಿಗೆ ಹೋಗಿ, ಮಾಲತಿಯನ್ನೂ ಕರೆದು ಕೂರಿಸಿ, ಓದಿ ಹೇಳತಕ್ಕದ್ದು. ಮನೆಯ ಸುದ್ದಿಯನ್ನು ಮೊದಲು ಹೇಳಿ ಅವರ ಮನಸ್ಸನ್ನು ಮೆತ್ತಗೆ ಮಾಡಿಕೊಳ್ಳತಕ್ಕದ್ದಲ್ಲ. ಗಂಟು ಹಾಕಿದವನು ತಾನೆಂಬುದನ್ನು ಮೊದಲು ಹೇಳಿ, ಅದಕ್ಕೆ ಆಕೆ ಏನು ಅನ್ನುತ್ತಾಳೋ ಅದನ್ನು ಪೂರ್ತಿ ಕೇಳಿಸಿಕೊಂಡು, ಆಕೆ ಓದು ಅಂದರೆ ಮಾತ್ರ ಉಳಿದದ್ದನ್ನು ಓದತಕ್ಕದ್ದು.